ರಸತ್ಯಾಗವೂ ರಸಾರ್ಪಣೆಯೂ

ಪಥ್ಯಕ್ಕೆಂದು ಕುಡಿಯುವ ಹಣ್ಣಿನ ರಸದಲ್ಲಿ ರುಚಿಯನ್ನು ಬಯಸುವುದು ದೋಷವೇ ಎಂಬ ಪ್ರಶ್ನೆಯು ಮೊದಲ ನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ದೇಹವನ್ನು ಕುರಿತು, ಇಂದ್ರಿಯಗಳನ್ನು ಕುರಿತು, ಅವುಗಳ ಬಂಧನವನ್ನೂ ಬಿಡುಗಡೆಯನ್ನೂ ಕುರಿತು ನಮ್ಮ ಹಿರಿಯರು ನಡೆಸಿದ ಚಿಂತನೆಯ ಬಹುಭಾಗವು ಕಟ್ಟಕಡೆಗೆ ನಾಲಗೆಯ ತುದಿಗೇ ಬಂದು ನಿಲ್ಲುವುದರಿಂದ, ಇದನ್ನು ಅಡುಗೆಮನೆಯ ಮಾತೆಂದು ತಳ್ಳಿಬಿಡಲು ನನಗೆ ಮನಸ್ಸಾಗದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಸೀಮೆಯಲ್ಲಿ ಆ ಪ್ರಶ್ನೆಗೆ ಎರಡು ಉತ್ತರಗಳು ಶತಮಾನಗಳಿಂದ ಅಕ್ಕಪಕ್ಕದ ಮನೆಗಳಲ್ಲಿ ಬಾಳಿಕೊಂಡು ಬಂದಿವೆ. ರಬಕವಿ-ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಗೊಂಕನೆಂಬ ಮಾಂಡಲಿಕನು ಕಟ್ಟಿಸಿದ ನೇಮಿನಾಥನ ಬಸದಿಯುಂಟು. ಅದೇ ಊರಿನಲ್ಲಿ ಅಲ್ಲಮಪ್ರಭುವಿನ ಗುಡಿಯೂ ಉಂಟು. ಮುಧೋಳವು ಜೈನಕವಿ ರನ್ನನ ಜನ್ಮಭೂಮಿ; ಕೃಷ್ಣೆಯ ಹರಿವಿನೊಡನೆ ಕೆಳಕ್ಕೆ ಸಾಗಿದರೆ, ಮಲಪ್ರಭೆ ಬಂದು ಕೂಡುವೆಡೆಯಲ್ಲಿ ಬಸವಣ್ಣನ ಕೂಡಲಸಂಗಮ. ಒಂದೇ ನೀರನ್ನು ಕುಡಿದು, ಒಂದೇ ಎರೆಭೂಮಿಯಲ್ಲಿ ಕಬ್ಬನ್ನೂ ಅರಿಸಿನವನ್ನೂ ಬೆಳೆದು, ಒಂದೇ ಸಂತೆಯಲ್ಲಿ ದಾಳಿಂಬೆಯನ್ನು ಕೊಳ್ಳುವ, ಜೈನರೂ ಶರಣಮತದವರೂ ಆದ ಈ ಎರಡು ಮನೆತನದವರು, ಆ ದಾಳಿಂಬೆಯ ರಸವನ್ನು ತುಟಿಗೆ ಒಯ್ಯುವ ಹೊತ್ತಿನಲ್ಲಿ ಮಾತ್ರ ಬೇರೆ ಬೇರೆ ಭಾವಗಳನ್ನು ತಾಳುವರು.

ರಬಕವಿಯ ನೇಕಾರರ ಓಣಿಯೊಂದರಲ್ಲಿ, ಪವರ್‌ಲೂಮಿನ ಸದ್ದು ಮೊದಲಾಗುವುದಕ್ಕೆ ಮುಂಚೆ, ರಸ ಹಿಂಡುವ ಕೆಲಸ ನಡೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮನೆಯ ಹಿರಿಯ ಹೆಣ್ಣುಮಗಳು ದಾಳಿಂಬೆಯ ಕಾಳುಗಳನ್ನು ಬಿಡಿಸಿ, ಮಿಕ್ಸರಿಗೆ ಹಾಕದೆ, ಜಾಲರಿಯ ಮೇಲಿಟ್ಟು ಅಂಗೈಯಿಂದ ಮೆಲ್ಲಗೆ ಒತ್ತುತ್ತಿದ್ದರು. ಒಳಗಿನ ಬೀಜ ಒಡೆದರೆ ಒಗರು ರಸಕ್ಕೆ ಇಳಿಯುವುದೆಂದು ಅವರು ಅರಿತಿದ್ದರು. ಗಜ್ಜರಿಯನ್ನೂ ಬೀಟ್‌ರೂಟನ್ನೂ ತುರಿದು, ಹಸಿಶುಂಠಿಯ ಒಂದು ಚೂರಿನೊಡನೆ ಅರೆದು, ತೊಳೆದು ತೊಳೆದು ಮೃದುವಾದ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ ಹಿಂಡಿ, ಮೇಲೆ ಅರ್ಧ ಲಿಂಬಿಹಣ್ಣು. ಸೌತೆಕಾಯಿ ನೆಲ್ಲಿಕಾಯಿಗಳ ರಸ ಮಾತ್ರ ಬೇರೊಂದು ತಂಬಿಗೆಯಲ್ಲಿತ್ತು. ಅದು ಪಕ್ಕದ ಮನೆಯ ಜೈನ ಮುದುಕಿಗಾಗಿ. ಬಾಗಿಲಲ್ಲಿ ನಿಂತ ಆಕೆ, "ಗಜ್ಜರಿ ಹಾಕಿಲ್ಲಲ್ಲವಾ? ನಮಗ ನಡ್ಯಾಂಗಿಲ್ಲ," ಎಂದು ಕೇಳಿದರೆ, ಒಳಗಿನಿಂದ ಉತ್ತರ: "ನಿಮ್ಮದು ಬ್ಯಾರೆನ ಐತ್ರಿ ಅಕ್ಕಾರ. ಹೊತ್ತೇರೂದ್ರಾಗ ಕುಡದಬಿಡ್ರಿ." ತಂಬಿಗೆಯನ್ನು ಕೊಟ್ಟವರ ಕೊರಳಲ್ಲಿ ಇಷ್ಟಲಿಂಗದ ಕರಡಿಗೆಯಿತ್ತು.

ನೆಲದಡಿಯ ಗಡ್ಡೆಯೊಂದರಲ್ಲಿ ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡಿರುವುವು ಎಂಬುದು ಜೈನಮತದ ತಿಳಿವು. ಆದಕಾರಣವೇ ಗಜ್ಜರಿಯು ವರ್ಜ್ಯ, ಗಿಡದಿಂದ ಕೊಯ್ದ ಸೌತೆಯು ಸಹ್ಯ. ಸಹ್ಯವೆಂದರೆ ನಿರ್ದೋಷವೆಂದಲ್ಲ. ಹಸಿಯ ಸೊಪ್ಪಾಗಲಿ ಹಣ್ಣಾಗಲಿ ಜೀವವುಳ್ಳದ್ದೇ. ಬದುಕುವುದಕ್ಕಾಗಿ ಬಿಡಲಾರದ ಹಿಂಸೆಯನ್ನು ಅಲ್ಪದಲ್ಲಿ ಅಲ್ಪವಾಗಿಸುವುದಷ್ಟೇ ಗೃಹಸ್ಥನಾದ ಶ್ರಾವಕನಿಗೆ ಸಾಧ್ಯವಾದ ಧರ್ಮ. ಇದರ ಮೇಲೆ ಇನ್ನೊಂದು ಮೆಟ್ಟಿಲಿದೆ. 'ತತ್ತ್ವಾರ್ಥಸೂತ್ರ'ದ ಒಂಬತ್ತನೆಯ ಅಧ್ಯಾಯವು ಎಣಿಸುವ ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವು ಒಂದು: ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಎಂಬಿವುಗಳನ್ನು, ಎಲ್ಲವನ್ನಾಗಲಿ ಕೆಲವನ್ನಾಗಲಿ, ನಿಯಮಪೂರ್ವಕ ಬಿಡುವುದು. ದಿನಕ್ಕೊಮ್ಮೆ, ನಿಂತುಕೊಂಡು, ಅಂಗೈಗಳನ್ನೇ ಪಾತ್ರೆಯಾಗಿಸಿ ಆಹಾರವನ್ನು ಸ್ವೀಕರಿಸುವ ದಿಗಂಬರ ಮುನಿಗೆ ಶ್ರಾವಕರು ಎರೆಯುವ ಹಣ್ಣಿನ ರಸವು ದೇಹಧಾರಣೆಗಾಗಿ ಮಾತ್ರ, ನಾಲಗೆಗಾಗಿ ಅಲ್ಲ. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಸಲ್ಲೇಖನವೆಂಬ ಮರಣವ್ರತದ ಕ್ರಮವನ್ನು ಹೇಳುವಾಗ, ಮೊದಲು ಘನಾಹಾರವನ್ನೂ, ಬಳಿಕ ಹಾಲಿನಂತಹ ಸ್ನಿಗ್ಧಪಾನವನ್ನೂ, ಅನಂತರ ಕಾಂಜಿ ಬಿಸಿನೀರುಗಳಂತಹ ತೆಳು ಪಾನವನ್ನೂ ಒಂದೊಂದಾಗಿ ಬಿಡುವ ದಾರಿಯನ್ನು ತೋರಿಸಿದ್ದಾರೆ. ರೋಗಿಯನ್ನು ಮರಳಿ ಅನ್ನಕ್ಕೆ ಹತ್ತಿಸುವ ಮೆಟ್ಟಿಲುಗಳನ್ನೇ ಅಲ್ಲಿ ಸಾಧಕನು ಶಾಂತಚಿತ್ತದಿಂದ ಇಳಿಯುತ್ತಾನೆ.

ಶರಣರ ದಾರಿ ಬೇರೆ. ಷಟ್‌ಸ್ಥಲ ಸಿದ್ಧಾಂತದಲ್ಲಿ ಲಿಂಗವು ದೇಹದ ಹೊರಗೆ ಅಂಗೈಯಲ್ಲಿ ಮಾತ್ರ ಇರುವುದಲ್ಲ. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ ಎಂದು ಇಂದ್ರಿಯಗಳ ಮನೆಮನೆಯಲ್ಲೂ ಅದು ನೆಲೆಸಿದೆ. ಗಂಧವನ್ನು ಆಚಾರಲಿಂಗಕ್ಕೆ ಒಪ್ಪಿಸುವಂತೆ ರಸವನ್ನು ಗುರುಲಿಂಗಕ್ಕೆ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಉಳಿಯುವುದು ಪದಾರ್ಥವಲ್ಲ, ಪ್ರಸಾದ. ಹೀಗಾಗಿ ರುಚಿಯನ್ನು ಕೊಂದು ನುಂಗುವವನು ಈ ಮತದಲ್ಲಿ ಅರ್ಪಿಸಬೇಕಾದುದನ್ನೇ ಕಳೆದುಕೊಂಡವನಾಗುವನು. ಚೆನ್ನಬಸವಣ್ಣನ ಹೆಸರಿನಲ್ಲಿ ಬಂದಿರುವ 'ಮಿಶ್ರಾರ್ಪಣ'ವೆಂಬ ಗ್ರಂಥದ ವಿಚಾರವನ್ನು ನೆನೆದಾಗ, ಆ ರಬಕವಿಯ ತಾಯಿಯ ಬಟ್ಟಲಿನಲ್ಲಿ ಬಣ್ಣ, ಕಂಪು, ತಂಪು, ಸವಿ ಒಂದಾಗಿ ಬೆರೆತು ಬೇರೆ ಬೇರೆ ಇಂದ್ರಿಯಗಳನ್ನು ಒಟ್ಟಿಗೆ ಮುಟ್ಟುತ್ತಿದ್ದುದು ನನ್ನ ಕಣ್ಣಿಗೆ ಕಟ್ಟುತ್ತದೆ.

ಬೆರಕೆಯ ಮಾತು ಬಂದಾಗ ಛಾಂದೋಗ್ಯೋಪನಿಷತ್ತನ್ನು ಮರೆಯಲಾಗದು. ಉದ್ದಾಲಕನು ಮಗನಾದ ಶ್ವೇತಕೇತುವಿಗೆ, ನಾನಾ ಮರಗಳ ರಸಗಳನ್ನು ಜೇನ್ನೊಣಗಳು ಕೂಡಿಸಿ ಏಕರಸವಾಗಿಸಿದ ಮೇಲೆ ತಾನು ಇಂಥ ಮರದ್ದೆಂಬ ಅರಿವು ಯಾವ ರಸಕ್ಕೂ ಉಳಿಯದೆಂದು ತೋರಿಸಿ, 'ಸತ್' ಎಂಬ ಮೂಲತತ್ತ್ವದಲ್ಲಿ ಸೇರಿದ ಜೀವಗಳ ಸ್ಥಿತಿಯೂ ಅಂಥದೇ ಎಂದು ಬೋಧಿಸಿದನು. ಆದರೆ ಪಕ್ಕದ ಮನೆಯ ಆ ಮುದುಕಿಯ ಮತವು ಇದನ್ನು ಒಪ್ಪದು. ದೇಹಗಳು ಬೆರೆತರೂ ಜೀವಗಳು ಬೆರೆಯವು, ಮುಕ್ತಿಯಲ್ಲಿಯೂ ಒಂದೊಂದು ಜೀವ ತನ್ನ ಸ್ವರೂಪದಲ್ಲಿ ಬೇರೆಯಾಗಿಯೇ ಬೆಳಗುವುದು ಎಂಬುದು ಅದರ ದೃಢವಾದ ನಿಲುವು. ಕೂಡಿಸುವವನಿಗೆ ಐಕ್ಯವು ಕಾಣುವಲ್ಲಿ, ಹಿಂಡಿಸಿಕೊಂಡ ಒಂದೊಂದು ಜೀವದ ಋಣ ಇನ್ನೊಬ್ಬರಿಗೆ ಕಾಣುವುದು. ಈ ಎರಡು ನೋಟಗಳಲ್ಲಿ ಒಂದನ್ನು ಇನ್ನೊಂದಕ್ಕೆ ಇಳಿಸಿ ಸಮನ್ವಯವೆಂದು ಕರೆಯುವುದು ಎರಡಕ್ಕೂ ಮಾಡುವ ಅನ್ಯಾಯವೆಂದು ನನ್ನ ಭಾವನೆ.

ಬಿಕ್ಕಟ್ಟು ಎರಡು ಮತಗಳ ನಡುವೆ ಮಾತ್ರವಿರುವುದಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಸಾತ್ತ್ವಿಕಾಹಾರದ ಲಕ್ಷಣಗಳನ್ನು ಹೇಳುವಾಗ ರಸವತ್ತಾಗಿರುವುದೂ ಹೃದಯಕ್ಕೆ ಹಿತವಾಗಿರುವುದೂ ಅವುಗಳಲ್ಲಿ ಸೇರಿವೆ. ಯಾಮ ಕಳೆದು ರಸಗೆಟ್ಟುದನ್ನು ತಾಮಸವೆಂದು ಅಲ್ಲಿಯೇ ಎಣಿಸಿದೆ. ಅದೇ ಗೀತೆಯ ಎರಡನೆಯ ಅಧ್ಯಾಯವಾದರೋ, ಆಹಾರವನ್ನು ಬಿಟ್ಟವನಿಂದ ವಿಷಯಗಳು ದೂರ ಸರಿದರೂ ಅವುಗಳ ಸವಿಯ ಹಂಬಲವು ಉಳಿದುಬಿಡುವುದೆಂದೂ, ಪರವಸ್ತುವಿನ ದರ್ಶನವಾದಾಗಲೇ ಅದು ಕಳಚುವುದೆಂದೂ ಎಚ್ಚರಿಸುತ್ತದೆ. ಅಂದಮೇಲೆ, ಬಟ್ಟಲನ್ನು ದೂರ ತಳ್ಳಿದ ಮಾತ್ರಕ್ಕೆ ನಾಲಗೆ ಗೆದ್ದಂತಾಗದು. ಬಟ್ಟಲನ್ನು ಎತ್ತಿಕೊಂಡ ಮಾತ್ರಕ್ಕೆ ಸೋತಂತೆಯೂ ಆಗದು. ಜಮಖಂಡಿಯಲ್ಲಿ 1886ರಲ್ಲಿ ಜನಿಸಿ, 1926ರಲ್ಲಿ ಉಪನಿಷತ್ತತ್ತ್ವಗಳ ಮಹಾಸಮೀಕ್ಷೆಯನ್ನು ಪ್ರಕಟಿಸಿ, ನಿಂಬಾಳದ ಆಶ್ರಮದಲ್ಲಿ 1957ರಲ್ಲಿ ದೇಹವನ್ನಿಳಿಸಿದ ಗುರುದೇವ ರಾನಡೆಯವರು, ಭಗವಂತನ ಮೌನಾನುಭೋಗವನ್ನೇ ಅನುಭಾವದ ತಿರುಳೆಂದು ನಿರೂಪಿಸಿದರು. ಇಂದ್ರಿಯದ ಸವಿಯು ಹಿಂದೆ ಸರಿಯುವುದು ಅದಕ್ಕಿಂತ ದೊಡ್ಡ ಸವಿಯೊಂದು ದೊರೆತಾಗ ಎಂಬ ಗೀತೆಯ ಮಾತಿಗೆ ಆ ನಿರೂಪಣೆಯು ಬಹು ಸಮೀಪವಾಗಿದೆ.

ನಾನಾದರೋ ಅರ್ಪಣೆಯ ಕಡೆಗೆ ವಾಲುವವನು. ಅದಕ್ಕೆ ಮತಾಭಿಮಾನವಲ್ಲ, ಸೋರೆಕಾಯಿ ಕಾರಣ.

ಸೋರೆಕಾಯಿಯ ಹಸಿರಸವು ಇತ್ತೀಚೆಗೆ ಮನೆಮನೆಯ ಔಷಧವಾಗಿದೆ. ಸೋರೆ, ಸೌತೆ, ಹೀರೆಗಳ ಕುಲದಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿವಿಷವು ಕೆಲವೊಮ್ಮೆ ಮಿತಿಮೀರಿ ಸೇರಿಕೊಳ್ಳುವುದುಂಟು. ಅಂತಹ ಕಾಯಿಯ ರಸವನ್ನು ಕುಡಿದವರಿಗೆ ಹೊಟ್ಟೆನೋವು, ವಾಂತಿ, ರಕ್ತವಾಂತಿ, ಕೆಲವರಿಗೆ ಮರಣವೂ ಸಂಭವಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಇದನ್ನು ವಿಚಾರಿಸಿ, ಹಿಂಡುವುದಕ್ಕೆ ಮುಂಚೆ ಒಂದು ಚೂರನ್ನು ನಾಲಗೆಗಿಟ್ಟು ನೋಡಬೇಕೆಂದೂ, ಕಹಿಯಾದರೆ ಎಸೆಯಬೇಕೆಂದೂ, ಬೇರೆ ರಸಗಳೊಡನೆ ಬೆರೆಸಬಾರದೆಂದೂ ತಿಳಿಸಿದರು. ಔಷಧವೆಂದಮೇಲೆ ಕಹಿ ಸಹಜವೆಂದು ಕಣ್ಣುಮುಚ್ಚಿ ಗುಟುಕರಿಸಿದವರು ಹಾನಿಗೊಂಡರು. ವೈರಾಗ್ಯದ ಹೆಸರಿನಲ್ಲಿ ನಾವು ನಿಂದಿಸುತ್ತ ಬಂದ ಜಿಹ್ವೆಯು ಹೊಟ್ಟೆಯ ಬಾಗಿಲಲ್ಲಿ ನಿಂತ ಕಾವಲುಗಾರ; ಅದನ್ನು ಮಂಕಾಗಿಸುವುದು ತಪಸ್ಸಲ್ಲ. ರಸವನ್ನು ಬಿಡುವ ಮುನಿಯೂ ಬಿಟ್ಟದ್ದೇನೆಂಬುದನ್ನು ಅರಿತು ಬಿಡುತ್ತಾನೆ, ಮರೆತು ಬಿಡುವುದಿಲ್ಲ. ಶರಣರು ಅವಧಾನವೆಂದು ಕರೆದ ಎಚ್ಚರವು ಅರ್ಪಣೆಗೂ ತ್ಯಾಗಕ್ಕೂ ಸಮಾನವಾಗಿ ಬೇಕು.

ಆದರೂ ಅರ್ಪಣೆಯ ಮಾತು ಲಂಪಟತೆಗೆ ಸೆರಗಾಗಬಲ್ಲುದೆಂಬುದನ್ನು ಒಪ್ಪದೆ ಗತ್ಯಂತರವಿಲ್ಲ. ಹಣ್ಣನ್ನು ಹಿಂಡಿ ನಾರನ್ನು ಬೇರ್ಪಡಿಸಿದಾಗ ಅದರ ಸಕ್ಕರೆಯು ರಕ್ತಕ್ಕೆ ಬೇಗನೆ ಸೇರುವುದು. ಇಡಿಯ ಹಣ್ಣುಗಳನ್ನು ಅಗಿದು ತಿನ್ನುವವನಿಗೆ ಎರಡರಲ್ಲಿ ಸಾಕೆನಿಸಿದರೆ, ರಸವನ್ನು ಕುಡಿಯುವವನು ನಾಲ್ಕು ಹಣ್ಣುಗಳನ್ನು ಎರಡು ಗುಟುಕಿನಲ್ಲಿ ಮುಗಿಸಿ ಇನ್ನಷ್ಟು ಬೇಡುತ್ತಾನೆ. ಮಧುಮೇಹವುಳ್ಳವರು ದಾಳಿಂಬೆ ದ್ರಾಕ್ಷಿಗಳ ರಸಕ್ಕಿಂತ ಹಣ್ಣನ್ನೇ ಮಿತವಾಗಿ ತಿನ್ನುವುದು ಲೇಸು. ಅಗಿಯುವ ಶ್ರಮವು ನಿಸರ್ಗವೇ ಕಟ್ಟಿದ ಸಂಯಮವಾಗಿತ್ತು. ಯಂತ್ರವು ಅದನ್ನು ಸಡಿಲಿಸಿದೆ. ಇಲ್ಲಿ ಜೈನಶ್ರಾವಕಿಯ ಅಂಜಿಕೆಯು ನಮ್ಮೆಲ್ಲರಿಗೂ ಗುರುವಾಗತಕ್ಕದ್ದು. ಗುರುಲಿಂಗಕ್ಕೆ ಅರ್ಪಿಸಿದೆನೆಂದು ಹೇಳಿಕೊಂಡು ಬಟ್ಟಲಿನ ಮೇಲೆ ಬಟ್ಟಲನ್ನು ಬರಿದು ಮಾಡುವವನಿಗಿಂತ, ಒಂದು ತಂಬಿಗೆಯ ಸೌತೆಯ ರಸವನ್ನು ಹಿಂಜರಿಕೆಯಿಂದ ಕುಡಿಯುವ ಆಕೆಯೇ ಪ್ರಸಾದದ ಮರ್ಮಕ್ಕೆ ಹತ್ತಿರದಲ್ಲಿದ್ದಾಳೆ.

ಇನ್ನೊಂದು ಗುಣವೂ ಈ ಹಸಿರಸಕ್ಕುಂಟು: ಕೂಡಿಡಲು ಅದು ಒಲ್ಲದು. ಹಿಂಡಿದ ಗಳಿಗೆಯಿಂದಲೇ ಗಾಳಿ ಸೋಕಿ ಅದರ ಸಿ ಜೀವಸತ್ವವು ಕುಂದತೊಡಗುವುದು, ಬಣ್ಣ ಮಾಸುವುದು, ಹುಳಿಯಲಾರಂಭಿಸುವುದು. ಮುಧೋಳ ಮಹಾಲಿಂಗಪುರಗಳ ಸುತ್ತಿನ ಗಾಣದ ಮನೆಗಳಲ್ಲಿ ಇದರ ಸಾಮಾಜಿಕ ಫಲವನ್ನು ಕಾಣಬಹುದು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು, ಬೆಂಡೆಯ ಗಿಡದ ಲೋಳೆಯಿಂದ ಕೊಳೆ ಕಳೆದು, ಪಾಕವಾಗಿ, ಪೆಂಟೆಯಾಗಿ ಕಟ್ಟಿದ ಮೇಲೆ ಅದು ಸರಕು. ಮಹಾಲಿಂಗಪುರದ ಬೆಲ್ಲದ ಪೇಟೆಗೆ ಹೋಗಿ ತೂಕಕ್ಕೂ ಬೆಲೆಗೂ ಸಿಕ್ಕುವುದು. ಆದರೆ ಗಾಣದ ಬಾಯಿಂದ ಸುರಿಯುವ ಹಾಲಿಗೆ, ಬಂದವನು ಗುರುತಿನವನಾಗಲಿ ದಾರಿಹೋಕನಾಗಲಿ, ಬೆಲೆ ಕೇಳುವ ವಾಡಿಕೆಯಿಲ್ಲ. "ಬರ್ರಿ, ಒಂದೀಟು ಹಾಲು ಕುಡದ ಹೋಗ್ರಿ" ಎಂದು ಕರೆದು, ಲಿಂಬಿಹಣ್ಣು ಹಿಂಡಿ, ತಂಬಿಗೆ ತುಂಬಿಸುವರು. ಬಾಳಿಕೆಯಿಲ್ಲದ ವಸ್ತುವು ದಾನಕ್ಕೆ ಸುಲಭವಾಗಿ ಒದಗುವುದೆಂದು ಇದನ್ನು ಲೆಕ್ಕಾಚಾರವಾಗಿ ಕಂಡು ಹಗುರಾಗಿಸಲು ನಾನು ಒಪ್ಪೆನು. ನೀರಿಗಾಗಿ ಕಾದು, ಬೆವರು ಸುರಿಸಿ ಬೆಳೆದುದರ ಮೊದಲ ಸವಿಯನ್ನು ಹೆಸರು ಕೇಳದೆ ಕೊಡುವ ಮನಸ್ಸು ದಾಸೋಹದ ನೆಲದಲ್ಲಿ ಬೇರುಬಿಟ್ಟ ಮನಸ್ಸು.

ಜ್ವರದಿಂದ ನಾಲಗೆ ಕೆಟ್ಟು ಯಾವ ರುಚಿಯೂ ಹತ್ತದ ರೋಗಿಯು ಗುರುಲಿಂಗಕ್ಕೆ ಏನನ್ನು ಅರ್ಪಿಸಬೇಕೆಂಬ ಸಂಶಯವೊಂದು ಉಳಿಯುತ್ತದೆ. 1932ರ ಸೆಪ್ಟೆಂಬರ್ 26ರಂದು ಯರವಡಾ ಸೆರೆಮನೆಯಲ್ಲಿ ಗಾಂಧೀಜಿಯವರ ಉಪವಾಸವು ಮುಗಿದಾಗ, ರವೀಂದ್ರನಾಥ ಠಾಕೂರರ ಸಮ್ಮುಖದಲ್ಲಿ ಕಿತ್ತಳೆಯ ರಸದ ಬಟ್ಟಲನ್ನು ಅವರ ಕೈಗಿತ್ತವರು ಕಸ್ತೂರಬಾ. ಸೋತ ದೇಹಕ್ಕೆ ರಸವು ಬರುವುದು ಇನ್ನೊಬ್ಬರ ಕೈಯಿಂದಲೇ; ಆಗ ರುಚಿಯ ಹೊಣೆಯೂ ಆ ಕೈಯವರದೇ ಆಗುವುದು. ನೈವೇದ್ಯಕ್ಕಿಡುವುದನ್ನು ಮೊದಲು ತಾನು ಸವಿಯಬಾರದು, ಅದು ಎಂಜಲು ಎಂಬುದು ಸಾಮಾನ್ಯ ವಿಧಿ. ಆದರೆ ಹರಿಹರನು ರಗಳೆಯಲ್ಲಿ ಕೀರ್ತಿಸಿದ ಬೇಡರ ಕಣ್ಣಪ್ಪನು, ಶಿವನಿಗೆ ರುಚಿಯಾದುದೇ ಸಲ್ಲಬೇಕೆಂದು ತಾನು ಸವಿದು ನೋಡಿಯೇ ಒಪ್ಪಿಸಿದನು. ವಿಧಿಯನ್ನು ಬಲ್ಲ ಪೂಜಾರಿಗಿಂತ ಅವನೇ ಶಿವನಿಗೆ ಹತ್ತಿರದವನಾದನು. ಹಾಸಿಗೆ ಹಿಡಿದ ಮಾವನಿಗಾಗಿ ಬೆಳಗಿನಲ್ಲಿ ಸೋರೆಕಾಯಿಯ ಚೂರೊಂದನ್ನು ತನ್ನ ನಾಲಗೆಗಿಟ್ಟು, ಕಹಿಯಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಹಿಂಡಲು ಕೂರುವ ಬೀಳಗಿಯ ಸೊಸೆಯು ಮಾಡುವುದು ಕಣ್ಣಪ್ಪನು ಮಾಡಿದ ಪೂಜೆಯನ್ನೇ.