ಕಾವಲಿಗೆ ಎಷ್ಟು ಪಾಲು?

*ಇಂದಿನ ಚಿಂತನೆ*



ಪ್ರಾಣಹಿಂಸೆ ಮಾಡೆನೆಂದು ಶೀಲ ತೆಗೆದುಕೊಂಡ ಗೃಹಸ್ಥ, ತನ್ನ ತೆರಿಗೆಯಿಂದ ಮದ್ದುಗುಂಡು ಕೊಳ್ಳುವುದನ್ನು ಹೇಗೆ ನೋಡಬೇಕು? 2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸುಮಾರು 1.6 ಲಕ್ಷ ಕೋಟಿ ಪಿಂಚಣಿಗೇ ಮೀಸಲಾಗಿತ್ತು. ಹಾಗಾಗಿ ಇದೆಲ್ಲ ಬರೀ ಬಂದೂಕು ಎಂದು ಬಯ್ಯುವುದೂ ಸುಲಭದ ಮಾತು, ಬರೀ ಹೆಮ್ಮೆ ಎಂದು ಕೊಂಡಾಡುವುದೂ ಸುಲಭದ ಮಾತು.

ಮಧ್ಯ ಆಫ್ರಿಕಾದ ಚಾಡ್ ದೇಶದ ಕಥೆ ಕೇಳಿ. ಬಡ ದೇಶ. ಅಲ್ಲಿ ತೈಲ ಸಿಕ್ಕಿತು. ವಿಶ್ವಬ್ಯಾಂಕಿನ ನೆರವಿನಿಂದ ಕೊಳವೆ ಮಾರ್ಗವಾಗಿ, 2003ರಲ್ಲಿ ತೈಲ ಹರಿಯತೊಡಗಿತು. ಬಂದ ಹಣದ ಹೆಚ್ಚು ಪಾಲು ಶಾಲೆ, ಆಸ್ಪತ್ರೆ, ಹಳ್ಳಿಗಳಿಗೆ. ನೂರಕ್ಕೆ ಹತ್ತು ಮುಂದಿನ ಪೀಳಿಗೆಗೆ ಎಂದು ಕಾನೂನೇ ಇತ್ತು. ಎರಡೇ ವರ್ಷಕ್ಕೆ ಕಾನೂನು ಬದಲಾಯಿತು. ಆದ್ಯತೆಯ ಪಟ್ಟಿಗೆ ‘ಭದ್ರತೆ’ ಸೇರಿತು, ಪೀಳಿಗೆಯ ನಿಧಿ ರದ್ದಾಯಿತು. ತೈಲದ ಹಣ ಆಯುಧಗಳಿಗೆ ಹರಿಯಿತು. 2008ರಲ್ಲಿ ವಿಶ್ವಬ್ಯಾಂಕ್ ಹೊರಬಂತು.

ಸರ್ಕಾರದ ಭಯ ಸುಳ್ಳಾಗಿರಲಿಲ್ಲ. 2006ರಲ್ಲೂ 2008ರಲ್ಲೂ ಬಂಡುಕೋರರು ರಾಜಧಾನಿಯವರೆಗೆ ಬಂದಿದ್ದರು. ಆದರೆ ಭಯ ಹೆಚ್ಚಿದಾಗ ಮೊದಲು ಕತ್ತರಿ ಬಿದ್ದದ್ದು ಯಾರ ಪಾಲಿಗೆ? ಕೇಳಲು ಬಾಯಿಲ್ಲದವರ ಪಾಲಿಗೆ, ಇನ್ನೂ ಹುಟ್ಟದ ಮಕ್ಕಳ ಪಾಲಿಗೆ.

ನಮಗೂ ಇದು ಹೊಸದಲ್ಲ. ಚಾಡಿಗೆ ತೈಲವಾದರೆ ನಮ್ಮ ಕೆಳದಿ ಅರಸರಿಗೆ ಕಾಳುಮೆಣಸು. ಶಿವಪ್ಪ ನಾಯಕನ ಶಿಸ್ತಿನ ಕಂದಾಯ, ಮೆಣಸಿನ ವ್ಯಾಪಾರ, ಇವೆಲ್ಲ ಸೇರಿ ಬಿದನೂರಿನ ಬೊಕ್ಕಸ ತುಂಬಿತ್ತು. ಸುತ್ತ ಕಾಡು, ಘಟ್ಟ, ಕೋಟೆ. 1763ರಲ್ಲಿ ಹೈದರಾಲಿ ಬಂದಾಗ ಯಾವುದೂ ತಡೆಯಲಿಲ್ಲ. ಕಾವಲಿನೊಳಗೆ ಕೂಡಿಟ್ಟ ಸಂಪತ್ತೇ ಅವನ ಮುಂದಿನ ಯುದ್ಧಗಳಿಗೆ ಬಂಡವಾಳವಾಯಿತು. 1783ರಲ್ಲಿ ಇಂಗ್ಲಿಷರು ಅದೇ ಕೋಟೆ ಹಿಡಿದರು. ಅದೇ ವರ್ಷ ಟಿಪ್ಪು ಮರಳಿ ಗೆದ್ದ. ಇಂದು ಹೊಸನಗರ ತಾಲ್ಲೂಕಿನ ‘ನಗರ’ಕ್ಕೆ ಹೋದರೆ ಕಾಣುವುದು ಪಾಚಿಗಟ್ಟಿದ ಗೋಡೆ.

ಹಾಗಾದರೆ ಸೇನೆಯೇ ಬೇಡವೇ? ಮುಂಡಗೋಡಿನ ಟಿಬೆಟನ್ ಹಿರಿಯರ ಮುಂದೆ ನಿಂತು ಈ ಮಾತನ್ನು ಹಗುರವಾಗಿ ಆಡಲಾಗದು. ಕಾಯುವವರಿಲ್ಲದ ನಾಡಿನ ಸಂಕಟ ಅವರಿಗೆ ಗೊತ್ತು. ಕೋಸಲದ ಅರಸ ಪಸೇನದಿಗೆ ಬುದ್ಧ ಸೇನೆ ವಿಸರ್ಜಿಸೆಂದು ಹೇಳಿದ್ದೂ ಸುತ್ತಗಳಲ್ಲಿ ಕಾಣುವುದಿಲ್ಲ.

ಆದರೆ ದೀಘನಿಕಾಯದ ಕೂಟದಂತ ಸುತ್ತದಲ್ಲಿ ಭಗವಾನರು ಒಂದು ಕಥೆ ಹೇಳುತ್ತಾರೆ. ರಾಜ್ಯದಲ್ಲಿ ದರೋಡೆ ಹೆಚ್ಚಿದೆ. ದಂಡಿಸಿ, ಕೊಂದು ಇದನ್ನು ನಿಲ್ಲಿಸಲಾಗದು ಎನ್ನುತ್ತಾನೆ ಪುರೋಹಿತ. ಉಳಿದವರು ಮತ್ತೆ ಪೀಡಿಸುತ್ತಾರೆ. ರೈತನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ನೌಕರನಿಗೆ ಸಂಬಳ ಕೊಡು ಎಂಬುದು ಅವನ ಸಲಹೆ. ಅರಸ ಹಾಗೇ ಮಾಡುತ್ತಾನೆ. ಜನ ಮನೆಯ ಬಾಗಿಲು ಹಾಕದೆ, ಮಕ್ಕಳನ್ನು ಎದೆಯ ಮೇಲೆ ಕುಣಿಸುತ್ತ ಬದುಕುತ್ತಾರೆ.

ಇಲ್ಲಿ ಬೀಜ, ಸಂಬಳವೂ ರಕ್ಷಣೆಯ ಖರ್ಚೇ. ಕಾವಲುಗಾರನಿಗೆ ಕೂಲಿ ಕೊಡುವುದು ತಪ್ಪಲ್ಲ. ಅವನ ಕೂಲಿಗಾಗಿ ಬಿತ್ತನೆಯ ಬೀಜವನ್ನೇ ಮಾರಿದರೆ, ಕಾಯಲು ಗದ್ದೆಯಲ್ಲಿ ಏನು ಉಳಿಯುತ್ತದೆ?

ಇಂದು ಒಂದು ಗಳಿಗೆ ಯೋಚಿಸೋಣ: ನಮ್ಮ ಮನೆಯ ಲೆಕ್ಕದಲ್ಲೂ ಭಯಕ್ಕೆ ಎಷ್ಟು ಪಾಲು, ಬೀಜಕ್ಕೆ ಎಷ್ಟು ಪಾಲು?

ಎಲ್ಲರಿಗೂ ಒಳಿತಾಗಲಿ. 🙏