ಹಾಡಿಗೊಂದು ಹೊಣೆ

2025ರ ಅಕ್ಟೋಬರ್ ಕೊನೆಯ ವಾರದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿ ಹೊರಬಿದ್ದಾಗ ಅಮೆರಿಕದ ಸಂಗೀತ ಲೋಕದಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಮೊದಲ 40 ಹಾಡುಗಳಲ್ಲಿ ಒಂದೇ ಒಂದು ರ‍್ಯಾಪ್ ಹಾಡೂ ಇರಲಿಲ್ಲ. 1990ರ ನಂತರ ಹೀಗಾದದ್ದು ಅದೇ ಮೊದಲು. ಹಳೆಯ ಹಾಡುಗಳನ್ನು ಪಟ್ಟಿಯಿಂದ ಬೇಗ ಹೊರಹಾಕುವ ಹೊಸ ನಿಯಮ ಬಂದದ್ದೂ ಇದಕ್ಕೆ ಒಂದು ಕಾರಣ. ಆದರೂ ರ‍್ಯಾಪ್ ಸೇರಿದ ಕಲೆಯಾದ ‘ಹಿಪ್‌ಹಾಪ್ ಕಥೆ ಮುಗಿಯಿತು’ ಎಂಬ ಮಾತು ಎಲ್ಲೆಡೆ ಹಬ್ಬಿತು.

ಈ ಮಾತು ಹೊಸದಲ್ಲ. ಷಿಕಾಗೊದ ರ‍್ಯಾಪರ್ ಕಾಮನ್ 1994ರಲ್ಲೇ ಹಿಪ್‌ಹಾಪನ್ನು ದಾರಿ ತಪ್ಪಿದ ಪ್ರೇಯಸಿಯಂತೆ ಚಿತ್ರಿಸಿ ಹಾಡಿದ. 2006ರಲ್ಲಿ ಇನ್ನೊಬ್ಬ ರ‍್ಯಾಪರ್ ನಾಸ್ ತನ್ನ ಆಲ್ಬಮ್ಮಿಗೆ ‘ಹಿಪ್ ಹಾಪ್ ಈಸ್ ಡೆಡ್’ ಎಂದೇ ಹೆಸರಿಟ್ಟ. ಅದೇ ನಾಸ್‌ನ ‘ಇಲ್ಮ್ಯಾಟಿಕ್’ ಆಲ್ಬಮ್ ಬಂದದ್ದೂ 1994ರಲ್ಲಿ. ಈ ಕಲೆಯ ಶಿಖರಗಳಲ್ಲಿ ಒಂದೆಂದು ಇಂದು ಎಲ್ಲರೂ ಒಪ್ಪುವ ಕೃತಿ ಅದು. ಸುಗ್ಗಿಯ ನಡುವೆಯೇ ಬರಗಾಲದ ಕೊರಗು ಕೇಳಿಸಿತ್ತು. ಹಾಗೆಂದು ಆ ಕೊರಗು ಸುಳ್ಳೆಂದು ನಾನು ತಳ್ಳಿಹಾಕಲಾರೆ. ಕೊರಗುತ್ತಿದ್ದವರಿಗೆ ಏನನ್ನೋ ಕಳೆದುಕೊಂಡದ್ದು ನಿಜವಾಗಿ ಅರಿವಿಗೆ ಬಂದಿತ್ತು. ಅದು ಪ್ರತಿಭೆಯಲ್ಲ. ಕೇಳುಗನ ಎದುರು ನಿಂತು ಹಾಡುವಾಗ ಹಾಡುಗಾರನ ಮೇಲೆ ತಾನಾಗಿ ಬರುವ ಹೊಣೆ.

ಈ ಕಲೆ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಹೆದ್ದಾರಿಗಾಗಿ ಅಲ್ಲಿ ಸಾವಿರಾರು ಕುಟುಂಬಗಳನ್ನು ಎಬ್ಬಿಸಲಾಗಿತ್ತು. ಎಪ್ಪತ್ತರ ದಶಕದಲ್ಲಿ ಸಾಲುಸಾಲು ಕಟ್ಟಡಗಳು ಬೆಂಕಿಗೆ ಆಹುತಿಯಾಗುತ್ತಿದ್ದವು. 1973ರ ಆಗಸ್ಟ್ 11ರಂದು 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದ ಸಭಾಕೋಣೆಯಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ, ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸಿಕೊಳ್ಳಲು ಒಂದು ಪಾರ್ಟಿ ಏರ್ಪಡಿಸಿದಳು. ರೆಕಾರ್ಡ್ ಹಾಕುವ ಕೆಲಸ ಅಣ್ಣನದು. ಜಮೈಕಾದಿಂದ ಬಂದು ನೆಲೆಸಿದ್ದ ಆ ಹುಡುಗನೇ ಡಿಜೆ ಕೂಲ್ ಹರ್ಕ್. ಕುಣಿಯುವವರು ಹಾಡಿನಲ್ಲಿ ಯಾವುದಕ್ಕೆ ಕಾಯುತ್ತಾರೆಂದು ಅವನು ಕಣ್ಣಿಟ್ಟು ನೋಡಿದ್ದ. ದನಿ ನಿಂತು ಬರಿಯ ಡ್ರಮ್ ಉಳಿಯುವ ಆ ಕೆಲವೇ ಸೆಕೆಂಡುಗಳಿಗಾಗಿ ಅವರ ಕಾಲು ಕಾಯುತ್ತಿತ್ತು. ಹಾಗಾಗಿ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಆ ಭಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಮತ್ತೆ ಶುರುಮಾಡಿ ಆ ಸೆಕೆಂಡುಗಳನ್ನು ನಿಮಿಷಗಳಾಗಿ ಹಿಗ್ಗಿಸಿದ. ಇಡೀ ಕಲೆ ನಿಂತಿರುವುದು ಎದುರಿದ್ದವರ ಮೇಲೆ ಇಟ್ಟ ಈ ಲಕ್ಷ್ಯದ ಮೇಲೆ.

ಆ ಡ್ರಮ್ಮಿನ ಮೇಲೆ ಪ್ರಾಸ ಕಟ್ಟಿ ರ‍್ಯಾಪ್ ಹಾಡುತ್ತಿದ್ದ ಮಾತುಗಾರರ ಪಾಡೂ ಹಾಗೆಯೇ. ಉತ್ತರ ಕರ್ನಾಟಕದ ಊರುಗಳಲ್ಲಿ ಹರದೇಶಿ, ನಾಗೇಶಿ ಮೇಳಗಳು ಬೆಳತನಕ ಸವಾಲು-ಜವಾಬು ಹಾಡುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋತವರು ಯಾರೆಂಬುದನ್ನು ಸುತ್ತ ಕೂತ ಜನವೇ ತೀರ್ಮಾನಿಸುತ್ತಾರೆ. ಬ್ರಾಂಕ್ಸ್‌ನಲ್ಲೂ ಇನ್ನೊಬ್ಬನ ಸಾಲು ಎತ್ತಿ ಹಾಡಿದವನಿಗೆ ಮರ್ಯಾದೆ ಇರಲಿಲ್ಲ. ಬರೆದವನು ಅಲ್ಲೇ ಎಲ್ಲೋ ನಿಂತಿರುತ್ತಿದ್ದ.

1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಬಂತು. ಲಕ್ಷಾಂತರ ಜನ ರ‍್ಯಾಪ್ ಮೊದಲು ಕೇಳಿದ್ದು ಅದರಿಂದಲೇ. ಅದರಲ್ಲಿ ಹಾಡಿದವರಲ್ಲೊಬ್ಬ ಬಿಗ್ ಬ್ಯಾಂಕ್ ಹ್ಯಾಂಕ್. ನ್ಯೂಜೆರ್ಸಿಯ ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಬರೆದಿದ್ದ ಸಾಲುಗಳನ್ನೇ ಅವನು ಹಾಡಿದ. ಕ್ಯಾಜ್‌ನ ವೇದಿಕೆಯ ಹೆಸರನ್ನು ಅಕ್ಷರ ಬಿಡಿಸಿ ಹೇಳುವ ಸಾಲು ಕೂಡ ಹಾಗೆಯೇ ಉಳಿದುಬಿಟ್ಟಿತು. ಬ್ರಾಂಕ್ಸ್‌ನವರಿಗೆ ಅದು ತಟ್ಟನೆ ಗೊತ್ತಾಯಿತು. ರೆಕಾರ್ಡ್ ಕೊಂಡ ಉಳಿದವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಆ ಹಾಡಿನ ಸಂಗೀತ ಷೀಕ್ ತಂಡದ ‘ಗುಡ್ ಟೈಮ್ಸ್’ನಿಂದ ಬಂದದ್ದು. ಅದರ ಕರ್ತೃಗಳು ದಾವೆ ಹೂಡುವುದಾಗಿ ಹೇಳಿದೊಡನೆ ಹಾಡಿನ ಕರ್ತೃಗಳ ಪಟ್ಟಿಗೆ ಅವರ ಹೆಸರು ಸೇರಿತು. ಕ್ಯಾಜ್‌ನ ಹೆಸರು ಸೇರಲಿಲ್ಲ. ಅವನ ಹತ್ತಿರ ಇದ್ದದ್ದು ಒಂದು ನೋಟ್‌ಬುಕ್ ಮಾತ್ರ. ಕುಸಿತ ಎಲ್ಲಿ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನಾನು ಬೆರಳಿಡುವುದು ಇಲ್ಲಿಗೆ. ಕಲೆ ಜಗತ್ತಿಗೆ ತಲುಪಿದ ದಿನವೇ ಅದರ ತಪ್ಪು ತೋರಿಸುವ ಜನ ಎದುರಿನಿಂದ ಮರೆಯಾದರು.

ಮುಂದಿನದು ಆ ದಾರಿಯದೇ ಮುಂದುವರಿಕೆ. 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಅನುಮತಿಯಿಲ್ಲದೆ ಹಳೆಯ ಹಾಡಿನ ತುಣುಕು ಬಳಸಿದ ರ‍್ಯಾಪರ್ ಬಿಜ್ ಮಾರ್ಕಿಯ ಮೇಲೆ ಕೊಟ್ಟ ತೀರ್ಪನ್ನು ‘ಕದಿಯಬಾರದು’ ಎಂಬ ಬೈಬಲ್ಲಿನ ಕಟ್ಟಳೆಯಿಂದಲೇ ಆರಂಭಿಸಿತು. ಹತ್ತಾರು ರೆಕಾರ್ಡುಗಳ ಚೂರುಗಳನ್ನು ಹೆಣೆದು ಪಬ್ಲಿಕ್ ಎನಿಮಿಯಂಥ ತಂಡಗಳು ಕಟ್ಟುತ್ತಿದ್ದ ದಟ್ಟ ನಾದ ಆಮೇಲೆ ಕೈಗೆಟುಕದಷ್ಟು ದುಬಾರಿಯಾಯಿತು. 1996ರ ಅಮೆರಿಕದ ದೂರಸಂಪರ್ಕ ಕಾಯ್ದೆ ರೇಡಿಯೊ ಮಾಲೀಕತ್ವಕ್ಕಿದ್ದ ದೇಶವ್ಯಾಪಿ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಕೇಂದ್ರಗಳು ಒಂದೇ ಕಂಪನಿಯ ಪಾಲಾದವು. ಊರೂರಿನ ದನಿ ಆರಿಸುತ್ತಿದ್ದವರ ಜಾಗಕ್ಕೆ ಒಂದೇ ಪಟ್ಟಿ ಬಂತು. ಈಗ ಫೋನಿನಲ್ಲಿ 30 ಸೆಕೆಂಡು ಓಡಿದರೆ ಹಾಡು ‘ಕೇಳಿದಂತೆ’ ಲೆಕ್ಕ. ಕೇಳುಗ ಬೆರಳು ಆಡಿಸುವ ಮುನ್ನ ಅವನನ್ನು ಹಿಡಿದಿಡುವ ಆತುರ ಹಾಡಿನ ಕಟ್ಟಿಗೇ ಇಳಿದಿದೆ.

2011ರ ಜನವರಿಯ ಒಂದು ಸುದ್ದಿ ಇವೆಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುತ್ತದೆ. ಮೂತ್ರಪಿಂಡದ ಕಲ್ಲಿನಿಂದ ನರಳುತ್ತಿದ್ದ ಕೂಲ್ ಹರ್ಕ್‌ಗೆ ಆರೋಗ್ಯ ವಿಮೆ ಇರಲಿಲ್ಲ. ಚಿಕಿತ್ಸೆಯ ಖರ್ಚಿಗೆ ಅಭಿಮಾನಿಗಳ ನೆರವು ಕೇಳಬೇಕಾಯಿತು. ಅವನ ಎರಡು ರೆಕಾರ್ಡುಗಳಿಂದ ಹುಟ್ಟಿದ ಉದ್ಯಮ ಆ ಹೊತ್ತಿಗೆ ಜಗತ್ತನ್ನೇ ಸುತ್ತಿ ಬಂದಿತ್ತು. ಮೂಲದ ಋಣ ಮರೆತ ಮೇಲೆ ಕಲೆ ಎಷ್ಟು ಎತ್ತರದಲ್ಲಿದ್ದರೇನು?

ಋಣ ನೆನಪಿಟ್ಟವರು ಇದ್ದಾರೆ. ರ‍್ಯಾಪರ್ ಕೆಂಡ್ರಿಕ್ ಲಮಾರ್ ತನ್ನೂರು ಕಾಂಪ್ಟನ್ನಿನ ನೋವು, ಸಿಟ್ಟು, ತಪ್ಪುಗಳನ್ನು ಬಿಡದೆ ಹಾಡುತ್ತಲೇ 2018ರಲ್ಲಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಪಡೆದ. ಶಾಸ್ತ್ರೀಯ ಸಂಗೀತ ಮತ್ತು ಜಾಝ್‌ನ ಆಚೆಗೆ ಆ ಸಂಗೀತ ಪ್ರಶಸ್ತಿ ಹೋದದ್ದು ಅದೇ ಮೊದಲು. ತನ್ನ ಕೇರಿಯವರು ಕೇಳಿದರೆ ಏನೆಂದಾರು ಎಂಬ ಅಂಜಿಕೆ ಅವನ ಸಾಲುಗಳಲ್ಲಿ ಈಗಲೂ ಜೀವಂತವಾಗಿದೆ. ನಮ್ಮ ಬೆಂಗಳೂರಿನಲ್ಲೂ ಹುಡುಗರು ಕನ್ನಡದಲ್ಲಿ ರ‍್ಯಾಪ್ ಕಟ್ಟುತ್ತಿದ್ದಾರೆ. ಇಲ್ಲಿ ನೆಲೆಸಿದ ರ‍್ಯಾಪರ್ ಹನುಮಾನ್‌ಕೈಂಡ್‌ನ ‘ಬಿಗ್ ಡಾಗ್ಸ್’ 2024ರಲ್ಲಿ ಅದೇ ಬಿಲ್‌ಬೋರ್ಡ್ ಪಟ್ಟಿ ಸೇರಿತು. ಇವರ ಹಾಡಿಗೂ ಕೇಳಬೇಕಾದ ಪ್ರಶ್ನೆ ಒಂದೇ: ನೀನು ಯಾರ ನಡುವಿನಿಂದ ಬಂದೆಯೋ ಅವರ ಮುಂದೆ ನಿಂತು ಇದನ್ನು ಹಾಡಬಲ್ಲೆಯಾ?

ಪ್ರಶ್ನೆ ಹಾಡುವವನಿಗಷ್ಟೇ ಅಲ್ಲ. ಬ್ರಾಂಕ್ಸ್‌ನ ಸಭಾಕೋಣೆಯ ಆ ಮಕ್ಕಳು ಕೇಳುವ ಕೆಲಸವನ್ನು ಮೈಯೆಲ್ಲ ಕಿವಿಯಾಗಿ ಮಾಡಿದ್ದರು. ಕಲೆ ಹಸನಾದದ್ದು ಅವರಿಂದಲೂ ಹೌದು. ಬರೆದವರು ಯಾರೆಂದು ಕೇಳದೆ, ಕೊನೆಯ ಸಾಲಿನವರೆಗೆ ಕೂರದೆ, ‘ಹಿಂದಿನಂತಿಲ್ಲ’ ಎಂದು ದೂರುವುದು ಸುಲಭ. ಕಲೆಯ ತಪ್ಪು ತೋರಿಸಬಲ್ಲ ಕೇಳುಗ ಇರುವ ಕಡೆ ಅದು ಮತ್ತೆ ಎದ್ದು ನಿಲ್ಲುತ್ತದೆ. ಆ ಕೇಳುಗ ನಾವಾಗಬೇಕು.