ಬಾಡಿಗೆ ಕೊಡದ ಬಿಡಾರ

ಕಲಿಯಬೇಕೆಂದು ಕಲಿತ ಪದ್ಯ ಮರೆತುಹೋಗುತ್ತದೆ. ಸಾಬೂನಿನ ಜಾಹೀರಾತಿನ ಹಾಡು ಬಾಡಿಗೆ ಕೊಡದೆ ತಲೆಯಲ್ಲಿ ಬಿಡಾರ ಹೂಡುತ್ತದೆ. ಜರ್ಮನರು ಇದನ್ನು 'ಕಿವಿಹುಳು' ಎನ್ನುತ್ತಾರೆ.

1876ರಲ್ಲಿ ಮಾರ್ಕ್ ಟ್ವೇನ್ ಬರೆದ ಕಥೆಯೊಂದರಲ್ಲಿ, ಕಂಡಕ್ಟರನು ಟಿಕೆಟ್ಟಿಗೆ ತೂತು ಹೊಡೆಯುವುದನ್ನು ಕುರಿತ ಪೊಳ್ಳು ಪ್ರಾಸವೊಂದು ನಿರೂಪಕನನ್ನು ಹಿಡಿಯುತ್ತದೆ. ಪಾದ್ರಿಯಾದ ಗೆಳೆಯನಿಗೆ ದಾಟಿದ ಮೇಲೆಯೇ ಅವನಿಗೆ ಬಿಡುಗಡೆ. ಪಾದ್ರಿಯೋ ಶವಸಂಸ್ಕಾರದ ಉಪದೇಶವನ್ನೂ ಅದೇ ತಾಳದಲ್ಲಿ ಮಾಡಿಬಿಡುತ್ತಾನೆ! ಕೊನೆಗೆ ಆ ಹೊರೆ ಇಳಿಯುವುದು, ಪಾಪ, ಏನೂ ಅರಿಯದ ಕಾಲೇಜು ವಿದ್ಯಾರ್ಥಿಗಳ ಕಿವಿಗೆ.

ತನ್ನ ಪೀಡೆಯನ್ನು ಇನ್ನೊಬ್ಬನಿಗೆ ದಾಟಿಸುವುದು ಧರ್ಮವೆ? ಬೇರೆ ಪೀಡೆಯಾಗಿದ್ದರೆ ಅಲ್ಲವೆಂದೇ ಹೇಳಬೇಕು. ಇಲ್ಲಿ ಮಾತ್ರ ಕೊಟ್ಟವನೂ ನಗುತ್ತಾನೆ, ಬೈಯುತ್ತ ಪಡೆದವನೂ ನಗುತ್ತಾನೆ. 2012ರಲ್ಲಿ ಕೊರಿಯದ ಗಾಯಕ ಸೈ ಇಲ್ಲದ ಕುದುರೆಯನ್ನೇರಿ ಕುಣಿದ 'ಗಂಗ್ನಮ್ ಸ್ಟೈಲ್' ಚಿತ್ರವನ್ನು ಆ ವರ್ಷ ಮುಗಿಯುವುದರೊಳಗೆ ಜನ ಯೂಟ್ಯೂಬಿನಲ್ಲಿ 100 ಕೋಟಿ ಸಲ ನೋಡಿದರು. ಭಾಷೆ ಬಾರದವರೂ ಕುಣಿದರು. ಘನವಾದ ಸಂಗೀತಕ್ಕೆ ತಪ್ಪಾದ ಕಡೆ ತಲೆದೂಗಿಬಿಟ್ಟೇವೆಂಬ ಅಂಜಿಕೆ ನಮ್ಮಂಥವರಿಗೆ ಉಂಟಷ್ಟೆ. ಈ ಹುಚ್ಚುಕುಣಿತದ ಮುಂದೆ ಪಂಡಿತನಿಗೂ ಮಗುವಿಗೂ ಒಂದೇ ಪಂಕ್ತಿ.

ಸಾಬೂನಿನ ಹಾಡಿನ ಮಾತು ಬೇರೆ. ಆ ನಗುವಿಗೆ ವ್ಯಾಪಾರಿ ಮೊದಲೇ ಬೆಲೆ ಕಟ್ಟಿರುತ್ತಾನೆ. ಅಂಗಡಿಯಲ್ಲಿ ಕೈ ತಾನಾಗಿ ಅದೇ ಬಿಲ್ಲೆಗೆ ಚಾಚಿಕೊಂಡಾಗ, ಆರಿಸಿಕೊಂಡವರು ನಾವೋ, ಹಾಡೋ?